ಜೆಲ್ ಪೊಟ್ಟಣದ ಹಿಂಬದಿ ಓದಿದ್ದೀರಾ?

ಪಣಂಬೂರು ಕಡಲತೀರದಲ್ಲಿ ಓಡುವ, ಮಧುಮೇಹವಿರುವ ನನ್ನ ರೋಗಿಯೊಬ್ಬರು ಕ್ಲಿನಿಕ್ಕಿಗೆ ಬಂದವರೇ ಓಟಗಾರರು ಶಕ್ತಿಗೆಂದು ತಿನ್ನುವ ಎನರ್ಜಿ ಜೆಲ್‌ನ ಖಾಲಿ ಪೊಟ್ಟಣವನ್ನು ಮೇಜಿನ ಮೇಲಿಟ್ಟರು. ಮೂಲೆಯಲ್ಲಿ ಹಲ್ಲಿನ ಗುರುತು. "ಕೈ ನಡುಗ್ತಾ ಇತ್ತು ಡಾಕ್ಟ್ರೇ, ಬೆವರಿಗೆ ಜಾರ್ತಿತ್ತು, ಕಚ್ಚಿಯೇ ಹರಿದೆ. ಪೂರ್ತಿ ತಿಂದು ಕಾಲು ಗಂಟೆ ಆದ್ರೂ ಶುಗರ್ 58ರಲ್ಲೇ ಉಂಟು ಮಾರಾಯ್ರೇ!"

ಅಂದು ಮಾತ್ರೆ ನುಂಗಿ, ಎರಡೇ ನೀರುದೋಸೆ ತಿಂದು ಓಡಿದ್ದರು. ಮಾತ್ರೆಯಲ್ಲಿ ಶುಗರ್ ಇಳಿಸುವ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಜೊತೆ ವೋಗ್ಲಿಬೋಸ್ ಕೂಡ ಇತ್ತು. ಜೆಲ್ ಕೆಲಸ ಮಾಡದ್ದು ಅದರಿಂದಲೇ.

ಜೆಲ್‌ನಲ್ಲಿ ಹೆಚ್ಚಾಗಿ ಇರುವುದು ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಗ್ಲೂಕೋಸಿನ ಸರಪಳಿ. ಕರುಳಿನಲ್ಲಿ ತುಂಡಾದ ಮೇಲೆಯೇ ಅದು ರಕ್ತಕ್ಕೆ ಸೇರುವುದು. ಆ ತುಂಡರಿಸುವ ಕಿಣ್ವವನ್ನೇ ವೋಗ್ಲಿಬೋಸ್ ತಡೆಯುತ್ತದೆ. ಊಟವಾದ ಮೇಲೆ ಶುಗರ್ ಒಮ್ಮೆಲೇ ಏರದಿರಲೆಂದೇ ಅದನ್ನು ಕೊಡುವುದು. ಸಕ್ಕರೆಗೂ ನಮ್ಮ ಬೆಲ್ಲ-ನೀರಿಗೂ ಇದೇ ತಡೆ. ಅವರಿಗೆ ಬೇಕಿದ್ದದ್ದು ಬರೀ ಗ್ಲೂಕೋಸ್. ಮಾತ್ರೆ ಬರೆದ ದಿನವೇ ನಾನಿದನ್ನು ಹೇಳಬೇಕಿತ್ತು. ಈಗ ವೋಗ್ಲಿಬೋಸ್, ಅದೇ ಬಗೆಯ ಅಕಾರ್ಬೋಸ್ ಬರೆದಾಗಲೆಲ್ಲ ಚೀಟಿಯಲ್ಲೇ 'ಗ್ಲೂಕೋಸ್ ಪುಡಿ ಜೇಬಿನಲ್ಲಿರಲಿ' ಎಂದು ಬರೆಯುತ್ತೇನೆ.

ಹಾಗೆಂದು ಜೆಲ್ ಬೇಡವೆಂದಲ್ಲ. ಈ ಮಾತ್ರೆಗಳಿಲ್ಲದೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅದು ಒಳ್ಳೆಯದೇ. ಆಟಿಯ ಮಳೆಗೆ ಪುಡಿಯ ಹಾಗೆ ಗಟ್ಟಿ ಕಟ್ಟುವುದಿಲ್ಲ. ಆದರೆ ಹಿಂಬದಿ ಓದಿ. ಶುಗರ್ 70ಕ್ಕಿಂತ ಇಳಿದಾಗ ಬೇಕಾದ್ದು 15 ಗ್ರಾಂ ಕಾರ್ಬೋಹೈಡ್ರೇಟ್. ಹೆಚ್ಚಿನ ಪೊಟ್ಟಣಗಳಲ್ಲಿ 20ರಿಂದ 30 ಗ್ರಾಂ ಇರುತ್ತದೆ. ಕೆಫೀನ್ ಇದ್ದರೆ ಬಿಡಿ. ಎದೆ ಡವಗುಟ್ಟುವುದು ಕೆಫೀನಿನಿಂದಲೋ, ಶುಗರ್ ಇಳಿದದ್ದರಿಂದಲೋ ಎಂದೇ ತಿಳಿಯದು. ಜೆಲ್ ನಾಲಿಗೆಗೆ ಅಂಟುತ್ತದೆ, ನೀರು ಜೊತೆಗಿರಲಿ.

ನಮ್ಮೂರ ಸೆಕೆಯಲ್ಲಿ ಎಲ್ಲರೂ ಬೆವರುತ್ತಾರೆ, ಹಾಗಾಗಿ ಶುಗರ್ ಇಳಿದಿದೆಯೇ ಎಂದು ತಿಳಿಯಲು ಬೆವರನ್ನೇ ನಂಬಬೇಡಿ, ಮೀಟರ್ ನೋಡಿ. ಮೀಟರ್ ಇಲ್ಲವೆಂದರೆ ಕಾಯಬೇಡಿ, ಮೊದಲು ಗ್ಲೂಕೋಸ್ ತಿನ್ನಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಏರದಿದ್ದರೆ ಇನ್ನೊಮ್ಮೆ ಅಷ್ಟೇ ತಿನ್ನಿ. ಏರಿದ ಮೇಲೆ ತಿಂಡಿ ತಿನ್ನಲೇಬೇಕು, ಏಕೆಂದರೆ ಗ್ಲಿಮೆಪಿರೈಡ್ ಪ್ರಭಾವ ದಿನವಿಡೀ ಇರುತ್ತದೆ, ಶುಗರ್ ಮತ್ತೆ ಇಳಿಯಬಹುದು. ಪ್ರಜ್ಞೆ ತಪ್ಪಿದವರ ಬಾಯಿಗೆ ಜೆಲ್ಲೂ ಬೇಡ, ನೀರೂ ಬೇಡ, ಶ್ವಾಸನಾಳಕ್ಕೆ ಇಳಿದೀತು. ಕೂಡಲೇ 108ಕ್ಕೆ ಕರೆ ಮಾಡಿ.

ಆ ರೋಗಿಯ ಗ್ಲಿಮೆಪಿರೈಡ್ ಪ್ರಮಾಣ ಇಳಿಸಿದೆ. ಹೊರಡುವ ಮುನ್ನ ಸಿಂಕಿನಲ್ಲಿ ಕೈ ಒದ್ದೆ ಮಾಡಿಸಿ, ಗ್ಲೂಕೋಸ್ ಡಬ್ಬಿ ಕೊಟ್ಟು ತೆರೆಯಲು ಹೇಳಿದೆ. ಮುಚ್ಚಳ ಮೂರನೇ ಸಲಕ್ಕೆ ಬಂತು. "ಅಗಲ ಮುಚ್ಚಳದ್ದು ತಗೊಳ್ತೇನೆ" ಎಂದರು.