ತೂಕ ಸರಿಯಿದೆ, ಮಗು ಕಾಲೂರುತ್ತಿಲ್ಲ

ಮಂಡ್ಯ ಸೀಮೆಯ ಮನೆಯೊಂದರ ಊಟದ ಹೊತ್ತನ್ನು ಕಣ್ಮುಂದೆ ತಂದುಕೊಳ್ಳಿ. ಮನೆಮಂದಿಯ ತಟ್ಟೆಗಳಲ್ಲಿ ಮುದ್ದೆ, ಅವರೆಕಾಳಿನ ಸಾರು. ಆರು ವರ್ಷದ ಹುಡುಗನ ತಟ್ಟೆಯಲ್ಲಿ ಮಾತ್ರ ಬರೀ ಮೊಸರನ್ನ. ಅದರಲ್ಲಿ ಒಗ್ಗರಣೆಯ ಒಂದು ಸಾಸಿವೆ ಕಾಳು ಕಂಡರೂ ತಟ್ಟೆಯನ್ನು ತಳ್ಳಿಬಿಡುತ್ತಾನೆ. ಅದು ಬಿಟ್ಟರೆ ಅವನು ಮುಟ್ಟುವುದು ಹಾಲು ಮತ್ತು ಒಂದೇ ಕಂಪನಿಯ ಬಿಸ್ಕತ್ತು. ಪೊಟ್ಟಣದ ಬಣ್ಣ ಬದಲಾದರೆ ಅದೂ ಬೇಡ. "ಹಸಿವಾದ್ರೆ ತಾನೇ ತಿಂತಾನೆ, ಬುಡವ್ವ" ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. ಬಹುಪಾಲು ಮಕ್ಕಳ ಮಟ್ಟಿಗೆ ಆ ಮಾತು ನಿಜ. ಆಟಿಸಂ, ಅಂದರೆ ಮಾತು, ಒಡನಾಟ, ಇಂದ್ರಿಯಗಳ ಅನುಭವ ಬೇರೆ ಬಗೆಯಾಗಿರುವ ಮಿದುಳಿನ ಬೆಳವಣಿಗೆಯ ಸ್ಥಿತಿ, ಇರುವ ಅನೇಕ ಮಕ್ಕಳ ಮಟ್ಟಿಗೆ ಅಲ್ಲ.

ಇದು ಹಟವಲ್ಲ. ನಮಗೆ ಗಮನಕ್ಕೇ ಬಾರದ ಲೋಳೆತನ, ವಾಸನೆ, ಕರುಂಕುರುಂ ಸದ್ದು ಇಂಥ ಮಕ್ಕಳಿಗೆ ಸಹಿಸಲಾಗದಷ್ಟು ತೀವ್ರವಾಗಿ ತಟ್ಟಬಹುದು. ನಿನ್ನೆ ಇದ್ದಂತೆಯೇ ಇಂದೂ ಇರಬೇಕೆಂಬ ಒತ್ತಾಯವೂ ಅದಕ್ಕೆ ಸೇರಿಕೊಂಡು, ತಿನ್ನುವ ಪದಾರ್ಥಗಳು ಬೆರಳೆಣಿಕೆಗೆ ಇಳಿಯುತ್ತವೆ.

ಅನ್ನ, ಹಾಲು, ಬಿಸ್ಕತ್ತಿನಿಂದ ಶಕ್ತಿಯೇನೋ ಸಿಗುತ್ತದೆ, ಆದ್ದರಿಂದ ತೂಕ ಕುಗ್ಗುವುದಿಲ್ಲ; ಎಲ್ಲರೂ ಮೋಸಹೋಗುವುದು ಇಲ್ಲೇ. ಆ ತಟ್ಟೆಯಲ್ಲಿ ವಿಟಮಿನ್ ಸಿ ಇಲ್ಲವೆಂದೇ ಹೇಳಬೇಕು. ಹಸು, ನಾಯಿಗಳು ಅದನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ, ಮನುಷ್ಯನಿಗೆ ಆ ಸಾಮರ್ಥ್ಯವಿಲ್ಲ. ಒಂದರಿಂದ ಮೂರು ತಿಂಗಳು ಅದು ದೊರೆಯದಿದ್ದರೆ, ರಕ್ತನಾಳ, ವಸಡು, ಮೂಳೆಗಳನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಎಂಬ ಪ್ರೋಟೀನು ಸಡಿಲವಾಗಿ ಸ್ಕರ್ವಿ ಕಾಣಿಸಿಕೊಳ್ಳುತ್ತದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯ ಕಿತ್ತಳೆ, ನಿಂಬೆ ಕೊಟ್ಟು ನಾವಿಕರಲ್ಲಿ ವಾಸಿಮಾಡಿದ ಆ ರೋಗ ಇಂದು ಈ ಮಕ್ಕಳಲ್ಲಿ ಮತ್ತೆ ವರದಿಯಾಗುತ್ತಿದೆ.

ಮೂಳೆಯ ಹೊರಪದರದಡಿ ರಕ್ತ ಒಸರುವುದರಿಂದ ಕಾಲು ವಿಪರೀತ ನೋಯುತ್ತದೆ. ಮಗು ಕುಂಟುತ್ತದೆ, ಎತ್ತಿಕೊಂಡರೆ ಚೀರುತ್ತದೆ, ಕೊನೆಗೆ ನಡೆಯುವುದನ್ನೇ ನಿಲ್ಲಿಸುತ್ತದೆ. ನೋವನ್ನು ಮಾತಿನಲ್ಲಿ ಹೇಳಲಾರದ ಮಗುವಾದರೆ ಅದನ್ನು ನಡವಳಿಕೆಯ ಸಮಸ್ಯೆಯೆಂದೇ ಭಾವಿಸುವುದುಂಟು. ವೈದ್ಯರು ಸಂಧಿವಾತ, ರಕ್ತದ ಕ್ಯಾನ್ಸರುಗಳನ್ನು ಶಂಕಿಸಿ ಪರೀಕ್ಷೆಗಳನ್ನು ಮಾಡಿಸಿದ ಬಳಿಕವಷ್ಟೇ ಊಟದ ಪ್ರಶ್ನೆ ಬರುವುದೂ ಉಂಟು. ವಿಟಮಿನ್ ಸಿ ಕೊಟ್ಟರೆ ಕೆಲವೇ ದಿನಗಳಲ್ಲಿ ನೋವು ಇಳಿಯುತ್ತದೆ.

ಕಬ್ಬಿಣದ ಕೊರತೆಯಿಂದ ರಕ್ತಹೀನತೆ, ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆತ್ತಗಾಗುವುದು, ಹಾಲನ್ನೂ ಒಲ್ಲದವರಲ್ಲಿ ವಿಟಮಿನ್ ಎ ಕೊರತೆಯಿಂದ ಇರುಳುಗಣ್ಣು ಕಾಣಬಹುದು. ಗೋಧಿ, ಹಾಲು ಬಿಡಿಸಿದರೆ ಆಟಿಸಂ ಗುಣವಾಗುತ್ತದೆಂಬ ಸಲಹೆಗೆ ಗಟ್ಟಿ ಆಧಾರವಿಲ್ಲ. ಮೊದಲೇ ಕಿರಿದಾದ ತಟ್ಟೆಯಿಂದ ಹಾಲನ್ನೂ ತೆಗೆದರೆ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ರಾಗಿಯಲ್ಲಿ ಅದು ಹೇರಳವಾಗಿದೆ ನಿಜ, ಆದರೆ ಮುದ್ದೆಯ ಅಂಟು ಬೆರಳಿಗೆ ತಗುಲಿದರೇ ಬೆಚ್ಚುವ ಮಗುವಿಗೆ ಆ ಹೇರಳದಿಂದ ಪ್ರಯೋಜನವಿಲ್ಲ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮಗುವನ್ನು ಕರೆತರುವ ತಂದೆತಾಯಿಗೆ ಮಾತಿನ ಚಿಂತೆಯೇ ದೊಡ್ಡದಾಗಿರುವುದು ಸಹಜ. ಆದರೆ ಊಟದ ಮಾತೂ ಆಗಲೇ ಬರಲಿ: ಮಗು ಮೂರು ದಿನ ನಿಜವಾಗಿ ತಿಂದದ್ದನ್ನಷ್ಟೇ ಒಂದು ಹಾಳೆಯಲ್ಲಿ ಬರೆದು ಮಕ್ಕಳ ವೈದ್ಯರಿಗೂ ಆಹಾರತಜ್ಞರಿಗೂ ತೋರಿಸಿದರೆ, ಯಾವ ರಕ್ತಪರೀಕ್ಷೆ, ಯಾವ ಔಷಧ ಬೇಕೆಂಬುದು ಬೇಗ ತಿಳಿಯುತ್ತದೆ. ಮೊಸರನ್ನದೊಳಗೆ ಕ್ಯಾರೆಟ್ ಅರೆದು ಬಚ್ಚಿಡುವುದು ನನ್ನ ದೃಷ್ಟಿಯಲ್ಲಿ ಅಪಾಯದ ಜಾಣತನ. ಮಗು ಪತ್ತೆಹಚ್ಚಿದ ದಿನ ನಂಬಿಕೆಯ ಆ ಒಂದು ಊಟವೂ ಕೈತಪ್ಪುತ್ತದೆ. ಅನ್ನ ಒಪ್ಪುವವನಿಗೆ, ಒಲೆಯಿಂದ ಇಳಿಸಿ ಆರಿದ ಬಿಳಿಯನ್ನಕ್ಕೆ ನಿಂಬೆರಸದ ನಾಲ್ಕು ಹನಿ ಹಿಂಡಿ ಪಕ್ಕದ ಬಟ್ಟಲಲ್ಲಿ ಇಡಬಹುದು. ಮೊದಲ ವಾರ ಅವನು ಅದನ್ನು ಮೂಸಿ ನೋಡಿದರೂ ಸಾಕು.