ಪಾರ್ಕಿನ ತುಂಬೆ ಗಿಡ ಎಲ್ಲಿ ಹೋಯ್ತು?

ಬೆಂಗಳೂರಿನ ಮರಗಳನ್ನು ಜನ ಆರಿಸಿ ನೆಟ್ಟರು ಅನ್ನೋದು ಎಲ್ಲರಿಗೂ ಗೊತ್ತು. 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರು, ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಅರಳುವ ಹಾಗೆ ಮರಗಳನ್ನು ಆರಿಸಿದರು. ಮಡಗಾಸ್ಕರ್‌ನಿಂದ ಬಂದ ಗುಲ್‌ಮೊಹರ್ ಈಗ ನಮ್ಮೂರಿನದೇ ಆಗಿದೆ. ಆದರೆ ಮೊಣಕಾಲಿಗಿಂತ ಕೆಳಗಿನ ಗಿಡಗಳಲ್ಲಿ ಯಾವುದು ಉಳಿಯಬೇಕು ಅಂತ ತೀರ್ಮಾನಿಸುವವರೂ ನಾವೇ. ಆ ತೀರ್ಮಾನ ಆಗುವುದು ಹುಲ್ಲು ಕತ್ತರಿಸುವ ದಿನ.

ತುಂಬೆಯನ್ನೇ ನೋಡಿ. ಮಳೆ ಬಿದ್ದಾಗ ಮೊಳೆಯುತ್ತದೆ, ಬಿಳಿ ಹೂ ಬಿಡುತ್ತದೆ, ಬೀಜ ಉದುರಿಸಿ ಒಣಗುತ್ತದೆ. ಮುಂದಿನ ವರ್ಷದ ಗಿಡ ಬರುವುದು ಆ ಬೀಜದಿಂದಲೇ. ತಿಂಗಳಿಗೊಮ್ಮೆ ಬ್ರಷ್ ಕಟರ್ ಓಡಿಸಿದರೆ ಹೂ ಬೀಜವಾಗುವಷ್ಟು ಸಮಯವೇ ಸಿಗುವುದಿಲ್ಲ. ಮಣ್ಣಿನಲ್ಲಿದ್ದ ಹಳೇ ಬೀಜ ಮುಗಿದ ಮೇಲೆ ಗಿಡವೂ ಇಲ್ಲ, ಅದರ ಮಕರಂದಕ್ಕೆ ಬರುತ್ತಿದ್ದ ಜೇನು, ಚಿಟ್ಟೆಗಳೂ ಇಲ್ಲ. ಗರಿಕೆಗೆ ಈ ಕಷ್ಟವಿಲ್ಲ. ಅದು ನೆಲದ ಮೇಲೆ ಹರಡಿ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ಒಂದೆಲಗವೂ ಹಾಗೇ, ಬ್ಲೇಡಿಗೆ ಸಿಗದ ಹಾಗೆ ಹಬ್ಬುತ್ತದೆ. ಅದಕ್ಕೇ ಎಷ್ಟೋ ಪಾರ್ಕುಗಳಿಗಿಂತ ಪಕ್ಕದ ಖಾಲಿ ಸೈಟಿನಲ್ಲಿ ನನಗೆ ಜಾಸ್ತಿ ಬಗೆಯ ಗಿಡ ಸಿಗುತ್ತವೆ.

ಹಾಗಂತ ಕತ್ತರಿಸುವುದನ್ನು ಸುಮ್ನೆ ನಿಲ್ಲಿಸಿದರೂ ಆಗಲ್ಲ. ಮೊದಲು ನುಗ್ಗುವುದು ಕಾಂಗ್ರೆಸ್ ಗಿಡ. ಒಂದೊಂದು ಗಿಡವೂ ಸಾವಿರಾರು ಬೀಜ ಕೊಡುತ್ತದೆ, ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಹೂ ಬಿಡುವ ಮೊದಲೇ, ಮಣ್ಣು ಹಸಿ ಇರುವಾಗ, ಕೈಗವಸು ಹಾಕಿಕೊಂಡು ಬೇರುಸಮೇತ ಕೀಳಬೇಕು.

ಇನ್ನು ಜನರ ಭಯ. "ಹುಲ್ಲು ಉದ್ದ ಆದ್ರೆ ವಾಕಿಂಗ್ ಬರೋರು ಬೈತಾರೆ ಸಾರ್, ಹಾವು ಬರುತ್ತೆ ಅಂತಾರೆ" ಅನ್ನುತ್ತಾರೆ ಮಾಲಿಗಳು. ಆ ಭಯವನ್ನು ತಳ್ಳಿಹಾಕುವುದು ತಪ್ಪು. ಮಕ್ಕಳು ಆಡುವ ಜಾಗ, ನಡೆಯುವ ದಾರಿಯ ಎರಡೂ ಬದಿ ಗಿಡ್ಡವಾಗಿಯೇ ಇರಲಿ. ಕಾಂಪೌಂಡ್ ಪಕ್ಕದ ಒಂದು ಪಟ್ಟಿಯನ್ನು ಮಾತ್ರ ಜೂನ್‌ನಿಂದ ನವೆಂಬರ್‌ವರೆಗೆ ಕತ್ತರಿಸಬೇಡಿ. ಪಟ್ಟಿಯ ಅಂಚನ್ನು ನೇರವಾಗಿ ಕತ್ತರಿಸಿ, ಒಂದು ಬೋರ್ಡ್ ಹಾಕಿ. ಬೇಕಂತಲೇ ಬಿಟ್ಟ ಜಾಗ ಅಂತ ಗೊತ್ತಾದರೆ ಜನರ ತಕರಾರು ಎಷ್ಟೋ ಕಡಿಮೆಯಾಗುತ್ತದೆ.

ಡಿಸೆಂಬರ್‌ನಲ್ಲಿ, ಬೀಜ ಬಲಿತ ಮೇಲೆ, ಒಮ್ಮೆ ಕತ್ತರಿಸಿ. ಕತ್ತರಿಸಿದ್ದನ್ನು ಎರಡು ಮೂರು ದಿನ ಅಲ್ಲೇ ಒಣಗಲು ಬಿಡಿ, ಬೀಜ ಉದುರಲಿ. ಆಮೇಲೆ ಗೊಬ್ಬರದ ಗುಂಡಿಗೆ ಸಾಗಿಸಿ. ಅಲ್ಲೇ ಕೊಳೆತರೆ ಮಣ್ಣಿನ ಸಾರ ಹೆಚ್ಚಿ ಒರಟು ಹುಲ್ಲೇ ಮೇಲುಗೈ ಪಡೆಯುತ್ತದೆ. ಆ ಪಟ್ಟಿಗೆ ಯೂರಿಯಾ, ಕಳೆನಾಶಕ ಎರಡೂ ಬೇಡ.

ಇದನ್ನೆಲ್ಲ ಮಾಲಿಗೆ ಬಾಯಲ್ಲಿ ಹೇಳಿದರೆ ಸಾಲದು. ಗುತ್ತಿಗೆಯಲ್ಲಿ "ಕಳೆ ಇರಬಾರದು" ಅಂತ ಬರೆದಿದ್ದರೆ ಅವರು ಪಾಪ ಏನು ಮಾಡಿಯಾರು? ಪಟ್ಟಿಯ ಅಳತೆ, ಕತ್ತರಿಸುವ ತಿಂಗಳು ಎರಡನ್ನೂ ಗುತ್ತಿಗೆಯಲ್ಲೇ ಬರೆಸಿ. ತುಂಬೆ ಪೂರ್ತಿ ಹೋಗಿಬಿಟ್ಟಿದ್ದರೆ, ಹತ್ತಿರದ ಖಾಲಿ ಸೈಟಿನಿಂದ ಒಣಗಿದ ನಾಲ್ಕು ತೆನೆ ತಂದು, ಮುಂಗಾರಿಗೆ ಮುಂಚೆ ಆ ಪಟ್ಟಿಯಲ್ಲಿ ಉಜ್ಜಿ ಉದುರಿಸಿ.