ಹೊಟ್ಟೆ ಹುಣ್ಣಿಗೆ ಗಿಡಮೂಲಿಕೆ: ಇಲಿಯಲ್ಲೇ ನಿಂತುಹೋದ ಪರೀಕ್ಷೆಗಳು

ಹೊಟ್ಟೆ ಹುಣ್ಣಿಗೆ ಇಂಥ ಎಲೆಯ ಸಾರ ಒಳ್ಳೆಯದು, ಪ್ರಯೋಗದಲ್ಲೇ ಸಾಬೀತಾಗಿದೆ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಮಾತು ಸುಳ್ಳೇನಲ್ಲ. ಆದರೆ ಸಾಬೀತಾಗಿದ್ದು ಯಾರ ಹೊಟ್ಟೆಯಲ್ಲಿ?

ಬೇರು, ತೊಗಟೆ, ಎಲೆಗಳಿಂದ ಹೊಟ್ಟೆ ನೋವಿಗೆ ಮದ್ದು ಮಾಡುವುದು ಸಾವಿರಾರು ವರ್ಷಗಳ ರೂಢಿ. 1940ರ ದಶಕದಲ್ಲಿ ನೆದರ್ಲೆಂಡ್ಸ್‌ನ ವೈದ್ಯ ರೆವೆರ್ಸ್ ಒಂದು ವಿಷಯ ಗಮನಿಸಿದರು. ಜೇಷ್ಠಮಧುವಿನ ಸಾರ ತೆಗೆದುಕೊಂಡ ರೋಗಿಗಳ ಹುಣ್ಣು ವಾಸಿಯಾಗುತ್ತಿತ್ತು, ಆದರೆ ಕೆಲವರ ಮೈ ಊದಿಕೊಳ್ಳುತ್ತಿತ್ತು. ಮುಂದೆ ಅದೇ ಬೇರಿನ ಅಂಶದಿಂದ ಕಾರ್ಬೆನಾಕ್ಸೊಲೋನ್ ಎಂಬ ಔಷಧ ತಯಾರಾಯಿತು. 1962ರಲ್ಲಿ ಬ್ರಿಟನ್‌ನ ರಿಚರ್ಡ್ ಡಾಲ್ ಮತ್ತು ಜೊತೆಗಾರರು ಅದನ್ನು ರೋಗಿಗಳ ಮೇಲೆ ಪರೀಕ್ಷಿಸಿದರು. ಔಷಧ ತೆಗೆದುಕೊಂಡವರ ಹುಣ್ಣು ಬೇಗ ಮಾಯಿತು. ಗಿಡದ ಮದ್ದು ಮನುಷ್ಯರಲ್ಲೇ ಗೆದ್ದ ಸಂಗತಿ ಇದು, ಮರೆಯಬಾರದು. ಆದರೆ ಮೈಯಲ್ಲಿ ನೀರು ನಿಲ್ಲುವುದು, ಪೊಟ್ಯಾಸಿಯಂ ಇಳಿಯುವುದು, ಬಿಪಿ ಏರುವುದು ತಪ್ಪಲಿಲ್ಲ. 1976ರಲ್ಲಿ ಹೊಟ್ಟೆಯ ಆಮ್ಲ ತಗ್ಗಿಸುವ ಸಿಮೆಟಿಡಿನ್ ಎಂಬ ಔಷಧ ಬಂದ ಮೇಲೆ ಕಾರ್ಬೆನಾಕ್ಸೊಲೋನ್ ಬಳಕೆ ಇಳಿಯುತ್ತಾ ಹೋಯಿತು.

ಆಮೇಲೆ ಬಂದ ಸಾರಗಳಲ್ಲಿ ಹೆಚ್ಚಿನವು ರೋಗಿಗಳವರೆಗೆ ಬರಲೇ ಇಲ್ಲ. ಪರೀಕ್ಷೆ ನಡೆಯುವ ರೀತಿ ನೋಡಿ. ಇಲಿಯನ್ನು ಉಪವಾಸ ಇಡುತ್ತಾರೆ. ಸಾರ ಕುಡಿಸುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, ಜಠರಕ್ಕೆ ಗಾಯ ಮಾಡಲೆಂದೇ, ಆಲ್ಕೋಹಾಲ್ ಅಥವಾ ಇಂಡೋಮೆಥಾಸಿನ್‌ನಂಥ ನೋವಿನ ಔಷಧ ಕೊಡುತ್ತಾರೆ. ಕೆಲವು ಗಂಟೆ ಬಳಿಕ ಜಠರ ಬಿಚ್ಚಿ ಗಾಯದ ಗೆರೆಗಳನ್ನು ಅಳೆಯುತ್ತಾರೆ. ಗಾಯ ಕಡಿಮೆ ಕಂಡರೆ ಸಾರ ಗೆದ್ದಂತೆ. ಆದರೆ ಇಲ್ಲಿ ಸಾರ ಹೋಗಿದ್ದು ಗಾಯಕ್ಕಿಂತ ಮೊದಲು. ರೋಗಿ ಬರುವುದು ಹುಣ್ಣಾದ ಮೇಲೆ, ಅಲ್ವಾ? ಇನ್ನೊಂದು ತೊಡಕೂ ಇದೆ. ತೆಳುವಾದ ಆಲ್ಕೋಹಾಲ್ ಮೊದಲೇ ಕುಡಿಸಿದರೂ, ಆಮೇಲೆ ಕೊಡುವ ಗಟ್ಟಿ ಆಲ್ಕೋಹಾಲ್‌ನಿಂದ ಇಲಿಯ ಜಠರ ತನ್ನನ್ನು ಕಾಪಾಡಿಕೊಳ್ಳುತ್ತದೆ. ಇದು 1980ರ ದಶಕದಲ್ಲೇ ಗೊತ್ತಾಗಿತ್ತು. ಅಂದರೆ ಸ್ವಲ್ಪ ಕೆರಳಿಸುವ ವಸ್ತುವೂ ಈ ಪರೀಕ್ಷೆಯಲ್ಲಿ ಮದ್ದಿನಂತೆ ಕಾಣಬಹುದು.

ಅಷ್ಟರಲ್ಲಿ ಹುಣ್ಣಿನ ಕಾರಣವೇ ಬೇರೆ ಎಂದು ತಿಳಿಯಿತು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. 2005ರಲ್ಲಿ ನೊಬೆಲ್ ಬಂತು. ಬಹುಪಾಲು ಹುಣ್ಣುಗಳ ಹಿಂದೆ ಇರುವುದು ಈ ಬ್ಯಾಕ್ಟೀರಿಯಾ, ಇಲ್ಲವೇ ನೋವಿನ ಮಾತ್ರೆ. ಆಲ್ಕೋಹಾಲ್ ಕುಡಿದ ಇಲಿಯಲ್ಲಿ ಈ ಬ್ಯಾಕ್ಟೀರಿಯಾದ ಪ್ರಶ್ನೆಯೇ ಬರುವುದಿಲ್ಲ. ಆದರೂ ಅದೇ ಪರೀಕ್ಷೆ ಇವತ್ತಿಗೂ ನಡೆಯುತ್ತಿದೆ. ಇಷ್ಟೊಂದು ಗಿಡಗಳ ಮೇಲೆ ಇಷ್ಟೊಂದು ದುಡಿಮೆ ಸುರಿದಿರುವುದನ್ನು ನೋಡಿದರೆ ಬೇಸರವಾಗುತ್ತದೆ.

ಬ್ಯಾಕ್ಟೀರಿಯಾದ ಮೇಲೂ ಗಿಡದ ಸಾರ ಹಾಕಿ ನೋಡಿದ್ದಾರೆ. ಗ್ರೀಸ್‌ನ ಕಿಯೋಸ್ ದ್ವೀಪದ ಮಸ್ತಕಿ ಮರದ ಅಂಟು ಈ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಎಂದು 1998ರಲ್ಲಿ ವರದಿಯಾಯಿತು. ಅದು ಗಾಜಿನ ತಟ್ಟೆಯಲ್ಲಿ. ಮುಂದೆ ಕೆಲವೇ ರೋಗಿಗಳಿಗೆ ಕೊಟ್ಟು ನೋಡಿದ ಒಂದು ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಹೋಗಲಿಲ್ಲ. ಅದು ಜಠರದ ಲೋಳೆಯ ಅಡಿಯಲ್ಲಿ ಅಡಗಿರುತ್ತದೆ. ಆ್ಯಂಟಿಬಯಾಟಿಕ್‌ಗಳಿಗೂ ಅದು ಸುಲಭಕ್ಕೆ ಬಗ್ಗುವುದಿಲ್ಲ, ಎರಡು ಮೂರು ಸೇರಿಸಿ ಕೊಡುವುದು ಅದಕ್ಕೇ.

ಉರಿ ಕಡಿಮೆಯಾದ ಮಾತ್ರಕ್ಕೆ ಬ್ಯಾಕ್ಟೀರಿಯಾ ಹೋಯಿತು ಎಂದಲ್ಲ. ಅದು ವರ್ಷಗಟ್ಟಲೆ ಉಳಿದರೆ ಜಠರದ ಕ್ಯಾನ್ಸರ್‌ಗೂ ದಾರಿಯಾಗಬಹುದು. ಹೋಗಿದೆಯೋ ಇಲ್ಲವೋ ಎಂದು ಹೇಳಲು ಉಸಿರಿನ ಪರೀಕ್ಷೆ ಇದೆ, ಸಾರ ಕುಡಿದವರೂ ಮಾಡಿಸಿಕೊಳ್ಳಬಹುದು. ಮಲ ಡಾಂಬರಿನಂತೆ ಕಪ್ಪಗಾದರೆ ಮಾತ್ರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಹುಣ್ಣಿನಿಂದ ರಕ್ತ ಸೋರುತ್ತಿರಬಹುದು.